ಹದಿನಾಲ್ಕು ಸ್ಪೀಕರುಗಳಲ್ಲಿ ನನ್ನ ನಾಲಿಗೆ

ನನ್ನ ಜೀವ ಉಳಿಸಿದ್ದು ನನ್ನದೇ ಒಂದು ಕೆಟ್ಟ ಚಾಳಿ. ಈ ಮಾತನ್ನು ನಮ್ಮ ಬಸ್ ನಿಲ್ದಾಣದ ಮ್ಯಾನೇಜರು ಒಪ್ಪುವುದಿಲ್ಲ. ಒಪ್ಪಿಬಿಟ್ಟರೆ ಇಪ್ಪತ್ತೆರಡು ವರ್ಷ ಅವರು ನನ್ನನ್ನು ಬೈದದ್ದೆಲ್ಲ ದಂಡವಾಗುತ್ತದೆ.

ನಾನು ಆ ನಿಲ್ದಾಣದ ಅನೌನ್ಸರು. ಮಹಡಿಯ ಮೇಲಿನ ಗಾಜಿನ ಗೂಡಿನಲ್ಲಿ ಕೂತು, "ಪ್ರಯಾಣಿಕರ ಗಮನಕ್ಕೆ, ಹದಿನೇಳನೇ ನಂಬರಿನ ಬಸ್ಸು ನಾಲ್ಕನೇ ಪ್ಲಾಟ್‌ಫಾರಂನಿಂದ ಇನ್ನೈದು ನಿಮಿಷದಲ್ಲಿ ಹೊರಡಲಿದೆ" ಎನ್ನುವ ದನಿ ನನ್ನದು. ಕೆಳಗೆ ಹದಿನಾಲ್ಕು ಸ್ಪೀಕರುಗಳಿವೆ. ಮುಂದಿಟ್ಟ ಕಾಗದವನ್ನು ತಡವರಿಸದೆ ಓದುವುದು ನನ್ನ ಕಸುಬು. ಅದನ್ನು ಅರ್ಥ ಮಾಡಿಕೊಳ್ಳುವುದು ಪ್ರಯಾಣಿಕರ ಕಸುಬು. ಈ ಎರಡನ್ನೂ ನಾನು ಯಾವತ್ತೂ ಬೆರೆಸಿದವನಲ್ಲ.

ಇನ್ನು ಆ ಚಾಳಿ. ಓದಿ ಮುಗಿಸಿದ ಮೇಲೆ ಮೈಕ್ ಆಫ್ ಮಾಡಲು ನನಗೆ ನೆನಪಿರುವುದಿಲ್ಲ. ಹೀಗಾಗಿ ನನ್ನ ಸೀನು, ನನ್ನ ಆಕಳಿಕೆ, ತರಕಾರಿ ಮರೆತದ್ದಕ್ಕೆ ಹೆಂಡತಿಗೆ ಫೋನಿನಲ್ಲಿ ಕೇಳಿದ ಕ್ಷಮೆ, ಮ್ಯಾನೇಜರು ತಲೆಗೆ ಹಚ್ಚಿಕೊಂಡ ಹೊಸ ಬಣ್ಣದ ಬಗ್ಗೆ ನನ್ನ ಅಭಿಪ್ರಾಯ, ಇವೆಲ್ಲ ಊರಿಗೇ ಗೊತ್ತು. ಮ್ಯಾನೇಜರು ಪ್ರತಿಸಲವೂ ಮೆಟ್ಟಿಲು ಹತ್ತಿ ಬಂದು ಒಂದೇ ಮಾತು ಕೇಳುತ್ತಾರೆ.

"ಏನ್ರೀ, ಆ ಕೆಂಪು ದೀಪ ಏನು ಅಲಂಕಾರಕ್ಕೆ ಇಟ್ಟಿದಾರಾ?"

ಕಥೆ ಶುರುವಾದದ್ದು ಒಂದು ಸೋಮವಾರ, ಊಟದ ಮೇಜಿನಲ್ಲಿ. ಕಾಲೇಜಿಗೆ ಹೋಗುವ ನನ್ನ ಒಬ್ಬಳೇ ಮಗಳು, ನೀರು ಕುಡಿಯುತ್ತ ಕುಡಿಯುತ್ತಲೇ, "ಶನಿವಾರ ನಾನೂ ನನ್ನ ಫ್ರೆಂಡೂ ನಾಲಿಗೆ ಚುಚ್ಚಿಸ್ಕೋತೀವಿ" ಎಂದಳು. ಹೆಂಡತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಇಬ್ಬರೂ ನನ್ನ ಮುಖ ನೋಡಿದರು.

ನನಗೆ ಅದು ಹಿಡಿಸಲಿಲ್ಲ ನಿಜ. ಬೇಡ ಎನ್ನಬೇಕಿತ್ತು. ಆದರೆ ನಾನು ಕಂಡಕಂಡವರಿಗೆಲ್ಲ, "ನಾನು ಅಪ್ಪ ಅಲ್ಲ ಕಣ್ರೀ, ಮಗಳಿಗೆ ಸ್ನೇಹಿತ. ಇವತ್ತಿನ ತನಕ ಬೇಡ ಅಂತ ಒಂದು ಮಾತು ಅಂದೋನಲ್ಲ" ಎಂದು ಕೊಚ್ಚಿಕೊಂಡು ತಿರುಗಿದವನು. ಈಗ ಸ್ನೇಹಿತನಿಂದ ಅಪ್ಪನಾಗಲು ನಾಚಿಕೆಯಾಯಿತು.

"ಅದರಲ್ಲೇನಿದೆ? ನಾನೂ ಹಾಕಿಸ್ಕೋಬೇಕು ಅಂತಿದ್ದೆ" ಎಂದುಬಿಟ್ಟೆ.

ಮಗಳಿಗೆ ನಗು ತಡೆಯದೆ ನೀರು ನೆತ್ತಿಗೇರಿತು. "ನೀನಾ? ಅಪ್ಪಾ, ರಕ್ತಪರೀಕ್ಷೆಗೆ ಹೋಗಿ ನರ್ಸಮ್ಮನ ತೋಳಿನ ಮೇಲೆ ಬಿದ್ದೋನು ನೀನು!"

ಅವಳು ನಕ್ಕದ್ದು ನನ್ನ ಮರ್ಯಾದೆಗೆ ನಾಟಿತು. ಆದರೆ ಬರೀ ಅದೇ ಅಲ್ಲ. ನನ್ನ ತಲೆಯಲ್ಲಿ ಒಂದು ಯೋಜನೆ ಹೊಳೆಯಿತು. ಹೋದ ವರ್ಷ ಅವಳು ಆಸೆಪಟ್ಟು ಕೊಂಡ ಹಳದಿ ಟೋಪಿಯಂಥದ್ದೇ ಒಂದನ್ನು ನಾನೂ ತಂದು ಹಾಕಿಕೊಂಡಿದ್ದೆ. ಮರುದಿನದಿಂದ ಅವಳ ಟೋಪಿಯಲ್ಲಿ ಹೆಂಡತಿ ಬಟ್ಟೆ ಕ್ಲಿಪ್ಪು ಹಾಕಿಡುತ್ತಿದ್ದಾಳೆ. ಅಪ್ಪ ಮಾಡಿದ ಫ್ಯಾಷನ್ನನ್ನು ಯಾವ ಮಗಳೂ ಮಾಡುವುದಿಲ್ಲ. ಶನಿವಾರದೊಳಗೆ ನಾನು ಚುಚ್ಚಿಸಿಕೊಂಡು ನಾಲಿಗೆ ಚಾಚಿ ತೋರಿಸಿದರೆ ಸಾಕು, ಅವಳು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಬೇಡ ಎಂದ ಕೆಟ್ಟ ಹೆಸರೂ ನನಗೆ ಬರುವುದಿಲ್ಲ. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಮಂಗಳವಾರ ಡ್ಯೂಟಿ ಮುಗಿಸಿ, ಮಗಳು ಹೋಗಬೇಕೆಂದಿದ್ದ ಚುಚ್ಚುವ ಅಂಗಡಿಗೇ ಹೋದೆ. ಅಲ್ಲಿ ಮೊಬೈಲ್ ಕವರು, ಬೆಲ್ಟು, ಕೂಲಿಂಗ್ ಗ್ಲಾಸು ಮಾರುತ್ತಾರೆ. ಹಿಂದಿನ ಪರದೆಯಾಚೆ ಚುಚ್ಚುತ್ತಾರೆ. ಹುಬ್ಬು, ಮೂಗು, ತುಟಿಗೆಲ್ಲ ರಿಂಗು ಹಾಕಿಕೊಂಡಿದ್ದ ಅಂಗಡಿಯವ ಕೇಳಿದ, "ಯಾರಿಗೆ ಸಾರ್, ಮಗಳಿಗಾ?"

"ನನಗೇ."

ಅವನು ಫೋನು ಕೆಳಗಿಟ್ಟ. "ಯಾಕೆ ಸಾರ್, ಮನೇಲಿ ಏನಾದ್ರೂ ತೊಂದ್ರೆನಾ?"

ಅವನ ಕಾಳಜಿ ನನಗೆ ಹಿಡಿಸಿತು. ಅವನು ಸೂಜಿಯನ್ನು ಮೇಜಿನ ಮೇಲಿದ್ದ ಬಟ್ಟೆಯಿಂದ ಚೆನ್ನಾಗಿ ಒರೆಸಿದ. ಅದೇ ಬಟ್ಟೆಯಲ್ಲಿ ಆಗತಾನೇ ಕೂಲಿಂಗ್ ಗ್ಲಾಸು ಒರೆಸಿದ್ದನ್ನೂ ನೋಡಿದ್ದೆ. ಪಾಪ, ಸ್ವಚ್ಛತೆಯ ಮನುಷ್ಯ ಎಂದುಕೊಂಡೆ. ಆಮೇಲೆ ನಡೆದದ್ದನ್ನು ವರ್ಣಿಸಲಾರೆ, ಏಕೆಂದರೆ ನನಗೆ ಎಚ್ಚರವಿರಲಿಲ್ಲ. ಕಣ್ಣು ಬಿಟ್ಟಾಗ ನಾಲಿಗೆಯ ನಡುವೆ ಒಂದು ಉದ್ದನೆಯ ಕಡ್ಡಿ, ಅದರ ಎರಡೂ ತುದಿಗೆ ಒಂದೊಂದು ಗುಂಡು. ಕೈಯಲ್ಲಿ ಅವನು ತುರುಕಿದ ಒಂದು ಕಾಗದ. ಗಾಯವನ್ನು ಹೇಗೆ ನೋಡಿಕೊಳ್ಳಬೇಕು, ಏನಾದರೆ ಡಾಕ್ಟರ ಹತ್ತಿರ ಓಡಬೇಕು ಎಂದೆಲ್ಲ ಅದರಲ್ಲಿತ್ತಂತೆ. ನಾನು ಸಂಬಳಕ್ಕೆ ಓದುವವನು, ಪುಕ್ಕಟೆ ಓದುವವನಲ್ಲ. ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಬುಧವಾರ ಹೆಂಡತಿ ಅಂಗಿಯ ಜೊತೆಗೆ ಅದನ್ನೂ ಒಗೆದಳು.

ಅಷ್ಟರಲ್ಲಿ ನಾಲಿಗೆ ಬದನೆಕಾಯಿಯಷ್ಟು ಊದಿಕೊಂಡಿತ್ತು. ಇದನ್ನು ಮಗಳಿಗೆ ತೋರಿಸುವುದುಂಟೇ? ಊತ ಇಳಿಯಲಿ, ಗುಂಡು ಹೊಳೆಯಲಿ, ಆಮೇಲೆ ಠೀವಿಯಿಂದ ತೋರಿಸೋಣ ಎಂದು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಬರೆದು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಏನೆಂದು ಬರೆಯಲಿ? ಆ ವಾಕ್ಯವನ್ನು ನಾಲ್ಕು ಸಲ ಮನಸ್ಸಿನಲ್ಲೇ ಬರೆದು ನೋಡಿದೆ. ನಾಲ್ಕು ಸಲವೂ ಅದನ್ನು ಬರೆದವನು ಬೆಪ್ಪನಂತೆ ಕಂಡ.

ನಾನು ವಾಚಾಳಿ. ಅಂಥವನು ಒಂದು ಇಡೀ ಬೆಳಗ್ಗೆ ತುಟಿ ಎರಡು ಮಾಡದಿದ್ದರೆ ಮನೆಯವರು ಏನೆಂದುಕೊಳ್ಳಬೇಕು? ಕೋಪ ಬಂದಿದೆ ಎಂದುಕೊಂಡರು. ಯಾರ ಮೇಲೆ ಎಂಬುದೊಂದೇ ಪ್ರಶ್ನೆ. ಹೆಂಡತಿ ತುಂಬ ಹೊತ್ತು ಲೆಕ್ಕ ಹಾಕಿ ತನ್ನ ತಮ್ಮನಿಗೆ ಫೋನು ಮಾಡಿದಳು.

"ನಿಮ್ಮ ಭಾವನ ಏಣಿ ತಗೊಂಡ್ಹೋಗಿ ನಾಲ್ಕು ವರ್ಷ ಆಯ್ತಲ್ಲೋ! ಅದಕ್ಕೇ ಇವರು ಮಾತು ಬಿಟ್ಟಿದಾರೆ. ಮೊದಲು ತಂದು ಒಪ್ಪಿಸು."

ಸಂಜೆಗೆ ಭಾವಮೈದ ಏಣಿಯನ್ನು ಹೆಗಲ ಮೇಲೆ ಹೊತ್ತು ಬಂದ. ಬಾಗಿಲಲ್ಲೇ ನಿಂತು, "ಭಾವ, ತಪ್ಪಾಯ್ತು. ಒಂದು ಮಾತು ಬೈದ್ಬಿಡಿ, ಹೀಗೆ ಸುಮ್ನಿರ್ಬೇಡಿ" ಎಂದ. ನಾನು ಕೈ ಆಡಿಸಿ ಏನೂ ಇಲ್ಲ ಎಂದೆ. ಅವನು ಅದನ್ನು ಹೊರಗೆ ನಡಿ ಎಂದು ತಿಳಿದು ಅಳುಮುಖ ಮಾಡಿಕೊಂಡು ಹೋದ. ಮರುದಿನ ನಮ್ಮ ಡ್ರಿಲ್ಲಿಂಗ್ ಮೆಷಿನ್ನೂ ವಾಪಸು ಬಂತು. ಅದು ಕಳೆದುಹೋಗಿದೆ ಎಂದೇ ನಾವು ತಿಳಿದಿದ್ದೆವು.

ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ಟರು ಎರಡು ವರ್ಷದಿಂದ ತಮ್ಮ ಸ್ಕೂಟರನ್ನು ನಮ್ಮ ಗೇಟಿಗೆ ಅಡ್ಡವಾಗಿಯೇ ನಿಲ್ಲಿಸುತ್ತಿದ್ದರು. ದಿನವೂ "ನಮಸ್ಕಾರ ಸಾರ್, ಸ್ವಲ್ಪ ಗಾಡಿ" ಎನ್ನುತ್ತಿದ್ದ ನಾನು ಗುರುವಾರ ಬರೀ ಸ್ಕೂಟರನ್ನೂ ಅವರನ್ನೂ ನೋಡಿ ನಿಂತೆ. ಅವರು ಬೆವರಿ, ತಾವೇ ತಳ್ಳಿಕೊಂಡು ಹೋದರು. ಆಮೇಲೆ ಓಣಿಯವರ ಮುಂದೆ ಹೇಳಿದರಂತೆ: "ಮೂವತ್ತು ವರ್ಷ ಬೆತ್ತ ಹಿಡಿದು ನಾನು ಯಾರನ್ನೂ ತಿದ್ದೋಕಾಗ್ಲಿಲ್ಲ. ಆ ಮನುಷ್ಯ ಒಂದು ನೋಟದಲ್ಲಿ ನನ್ನನ್ನ ತಿದ್ದಿಬಿಟ್ರು."

ಆದರೆ ನಿಜವಾದ ಪವಾಡ ನಡೆದದ್ದು ನಿಲ್ದಾಣದಲ್ಲಿ. ಬುಧವಾರ ನನಗೆ ವಾರದ ರಜೆ. ಗುರುವಾರ, ಶುಕ್ರವಾರ ಎರಡು ದಿನ ನಾನು ಗಂಟೆಯ ಗುಂಡಿಯನ್ನು ಮಾತ್ರ ಒತ್ತಿದೆ. ಟಿಂಗ್‌ಟಾಂಗ್ ಎಂದು ಶಬ್ದವಾಗುತ್ತಿತ್ತು. ಪ್ರಯಾಣಿಕರೆಲ್ಲ ಮಾತು ನಿಲ್ಲಿಸಿ, ಚೀಲ ಹೆಗಲಿಗೇರಿಸಿ, ಸ್ಪೀಕರಿನತ್ತ ಮುಖ ಎತ್ತುತ್ತಿದ್ದರು. ಸ್ಪೀಕರು ಏನೂ ಹೇಳುತ್ತಿರಲಿಲ್ಲ. ಒಬ್ಬಾಕೆ ಅಕ್ಕನ ಮನೆಗೆಂದು ಹೊರಟವಳು ತಪ್ಪು ಬಸ್ಸು ಹತ್ತಿ ಬಸ್ ಡಿಪೋ ನೋಡಿಕೊಂಡು ಬಂದಳು.

ಮ್ಯಾನೇಜರು ಮೆಟ್ಟಿಲು ಹತ್ತಿ ಬಂದರು. ನನ್ನ ಮುಖ ನೋಡಿದರು. ನನ್ನ ತಲೆಯ ಮೇಲೆ ಒಂದೂವರೆ ವರ್ಷದಿಂದ ಕೆಟ್ಟು ನಿಂತ ಫ್ಯಾನನ್ನು ನೋಡಿದರು. ಅವರ ಮುಖ ಬಿಳಿಚಿಕೊಂಡಿತು.

"ಅರ್ಥ ಆಯ್ತು ಬಿಡ್ರೀ. ಹನ್ನೊಂದು ಅರ್ಜಿ ಕೊಟ್ಟಿದ್ರಿ. ಹನ್ನೊಂದನೂ ನಾನು ಡ್ರಾಯರಿಗೆ ಹಾಕ್ದೆ, ತಪ್ಪು ನನ್ನದೇ. ಆದ್ರೆ ಈ ಮೌನ ಮುಷ್ಕರ ಗಿಷ್ಕರ ಬೇಡ, ನಾಳೆ ಮೇಲಿನ ಆಫೀಸಿನವರು ಬರ್ತಾರೆ."

ಒಂದು ಗಂಟೆಯೊಳಗೆ ಫ್ಯಾನು ತಿರುಗಿತು. ಕಾಲು ಮುರಿದ ಕುರ್ಚಿ ಹೋಗಿ ಹೊಸ ಕುರ್ಚಿ ಬಂತು. ಕಂಡಕ್ಟರುಗಳು ಬಂದು ನನ್ನ ಕೈ ಕುಲುಕಿದರು. ಅವರಲ್ಲಿ ಸಂಘದ ಮುಖಂಡನೊಬ್ಬ, "ನಿಮ್ಮ ಹಾದಿಯಲ್ಲೇ ನಾವೂ ನಡೀತೀವಿ, ಸೋಮವಾರದಿಂದ ಯಾರೂ ಟಿಕೆಟ್ ಟಿಕೆಟ್ ಅನ್ನಲ್ಲ" ಎಂದು ಪಿಸುಗುಟ್ಟಿದ. ಬಾಯಿ ತೆರೆದು ಇಪ್ಪತ್ತೆರಡು ವರ್ಷದಲ್ಲಿ ಸಿಗದದ್ದು ಬಾಯಿ ಮುಚ್ಚಿ ಎರಡು ದಿನದಲ್ಲಿ ಸಿಕ್ಕಿತ್ತು. ಹೀಗೇ ಇನ್ನೊಂದು ವಾರ ಇದ್ದುಬಿಟ್ಟರೆ ಬಡ್ತಿಯೂ ಬಂದೀತೆಂದು ನನಗೆ ಆಸೆ ಹುಟ್ಟಿತು.

ಒಬ್ಬಳು ಮಾತ್ರ ಬಗ್ಗಲಿಲ್ಲ. ಶುಕ್ರವಾರ ಸಂಜೆ ಮಗಳು ಅಡುಗೆಮನೆಯಲ್ಲಿ ನನಗೆ ಕೇಳಲೆಂದೇ ಅಮ್ಮನಿಗೆ ಹೇಳಿದಳು: "ಏಣಿಯೂ ಅಲ್ಲ, ಎಂಥದೂ ಅಲ್ಲ. ಅಪ್ಪನ ಕೋಪ ನನ್ನ ಮೇಲೆ. ಬೇಡ ಅನ್ನೋದಾದ್ರೆ ಬಾಯಿ ಬಿಟ್ಟು ಹೇಳ್ಬೇಕಪ್ಪ. ಅದರಲ್ಲೇನಿದೆ ಅಂತ ಹೇಳಿ ಆಮೇಲೆ ಮಾತೇ ಬಿಡೋದಾ? ನಾನಂತೂ ನಾಳೆ ಹೋಗೇ ಹೋಗ್ತೀನಿ."

ಯಾವುದನ್ನು ತಡೆಯಲು ಇಷ್ಟು ಪಾಡು ಪಟ್ಟೆನೋ ಅದನ್ನೇ ನಾನು ಗಟ್ಟಿ ಮಾಡಿದ್ದೆ. ಎದ್ದು ಹೋಗಿ ನಾಲಿಗೆ ಚಾಚಿ ತೋರಿಸಿಬಿಡೋಣ ಎಂದರೆ, ಅದು ಚಾಚುವ ಸ್ಥಿತಿಯಲ್ಲೇ ಇರಲಿಲ್ಲ. ಮೇಲಿನ ಗುಂಡು ಊತದೊಳಗೆ ಹೂತುಹೋಗಿತ್ತು. ಗದ್ದದ ಕೆಳಗೆ ಗಟ್ಟಿಯಾಗಿ ನೋಯುತ್ತಿತ್ತು. ಮೈ ಬಿಸಿಯಾಗಿತ್ತು. ಮಲಗಿದರೆ ಉಸಿರು ಕಟ್ಟಿದಂತಾಗಿ ಕೂತೇ ನಿದ್ದೆ ಮಾಡಿದೆ. ಚಿಂತೆಗೆ ಹೀಗಾಗುತ್ತಿದೆ ಎಂದು ನನ್ನ ತೀರ್ಮಾನ.

ಶನಿವಾರ ನಿಲ್ದಾಣದಲ್ಲಿ ಶಾಮಿಯಾನ ಎದ್ದಿತ್ತು. ಉಚಿತ ದಂತ ತಪಾಸಣೆ. ಮೂರನೇ ಪ್ಲಾಟ್‌ಫಾರಂನಲ್ಲಿ ಒಬ್ಬ ಡಾಕ್ಟರಮ್ಮ, ಇಬ್ಬರು ನರ್ಸುಗಳು, ಪಕ್ಕದಲ್ಲಿ ಮೇಲಿನ ಆಫೀಸಿನ ಸಾಹೇಬರು. ಶಿಬಿರಕ್ಕೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಮ್ಯಾನೇಜರು ಓಡೋಡಿ ಬಂದು ನನ್ನ ಮುಂದೆ ಒಂದು ಹಾಳೆ ಇಟ್ಟು ಕೈ ಮುಗಿದರು.

"ಇದೊಂದನ್ನ ಓದಿಬಿಡ್ರೀ. ಡಾಕ್ಟರೇ ಬರೆದುಕೊಟ್ಟಿದಾರೆ. ಸಾಹೇಬ್ರ ಮುಂದೆ ನನ್ನ ಮಾನ ಕಾಪಾಡಿ, ನಿಮ್ಮ ದಮ್ಮಯ್ಯ."

ತಲೆಯ ಮೇಲೆ ಫ್ಯಾನು ತಣ್ಣಗೆ ತಿರುಗುತ್ತಿತ್ತು. ಅದರ ಗಾಳಿ ತಿಂದು ಅವರನ್ನು ಕೈಬಿಡಲು ಮನಸ್ಸು ಬರಲಿಲ್ಲ. ಅವರು ಕೆಳಗಿಳಿದು ಹೋದರು. ನಾನು ಟಿಂಗ್‌ಟಾಂಗ್ ಒತ್ತಿ, ಎರಡು ದಿನದ ಮೇಲೆ ಮೊದಲ ಸಲ ಮೈಕಿಗೆ ಬಾಯಿ ಕೊಟ್ಟೆ.

"ತಾಲ್ವದನಿಕಲ ಗಮನಕ್ಕೆ..."

ಸಾರ್ವಜನಿಕರು ತಲೆ ಎತ್ತಿದರು. ನಾನು ಬಿಡದೆ ಓದಿದೆ. ನನ್ನ ಬಾಯಿಂದ ಅದು ಹೇಗೆ ಬಂತು ಎಂದು ಬರೆಯಲು ನಮ್ಮ ಅಕ್ಷರಗಳು ಸಾಲವು, ಹಾಳೆಯಲ್ಲಿದ್ದದ್ದು ಇಷ್ಟು. ನಾಲಿಗೆ, ತುಟಿಗಳಿಗೆ ಚುಚ್ಚಿಸಿಕೊಳ್ಳುವ ಮುನ್ನ ಯೋಚಿಸಿ. ಬಾಯಲ್ಲಿ ಸದಾ ಇರುವ ರೋಗಾಣುಗಳು ಗಾಯಕ್ಕೆ ಸೇರಿ ಕೀವಾಗಬಹುದು. ಸೂಜಿ ಶುದ್ಧವಿಲ್ಲದಿದ್ದರೆ ರಕ್ತದ ಮೂಲಕ ದೊಡ್ಡ ಕಾಯಿಲೆಗಳೇ ಅಂಟಬಹುದು.

ಕೂಲಿಂಗ್ ಗ್ಲಾಸು ಒರೆಸಿದ ಬಟ್ಟೆ ನನ್ನ ಕಣ್ಣ ಮುಂದೆ ಬಂತು.

ಜ್ವರ, ಗದ್ದದ ಕೆಳಗೆ ಗಟ್ಟಿ ಊತ, ಉಸಿರಾಟಕ್ಕೆ ತೊಂದರೆ, ಇವು ಕಂಡರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ.

ನನ್ನ ಕೈ ಗದ್ದದ ಕೆಳಗೆ ಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ, ಓದುತ್ತಿದ್ದ ಕಾಗದ ನನಗೆ ಅರ್ಥವಾಗುತ್ತಿತ್ತು. ಆದರೂ ಕಸುಬು ಕಸುಬೇ. ಲೋಹ ತಾಗಿ ತಾಗಿ ವಸಡು ಸವೆಯಬಹುದು, ಹಲ್ಲು ಮುರಿಯ...

ಟಕ್!

ಕೆಳಗಿನ ಗುಂಡು ಮುಂದಿನ ಹಲ್ಲಿಗೆ ಬಡಿದು ಹಲ್ಲಿನ ಒಂದು ಚೂರು ಹಾಳೆಯ ಮೇಲೆ ಬಿತ್ತು. ಆ ಶಬ್ದ ಹದಿನಾಲ್ಕು ಸ್ಪೀಕರುಗಳಲ್ಲೂ ಕೇಳಿತು. ಕೆಳಗಿದ್ದವರೆಲ್ಲ ಸ್ಪೀಕರು ಕೆಟ್ಟಿತು ಎಂದುಕೊಂಡರು. ಡಾಕ್ಟರಮ್ಮ ಒಬ್ಬರೇ, ಆ ತೊದಲು ಕೇಳಿ ಆಗಲೇ ಕುರ್ಚಿಯಿಂದ ಎದ್ದಿದ್ದವರು, ಈ ಟಕ್ ಕೇಳಿದ್ದೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲತ್ತ ಓಡಿದರು. ಮ್ಯಾನೇಜರೂ ಹಿಂದೆಯೇ ಓಡಿದರು. ಇಬ್ಬರೂ ಗೂಡಿಗೆ ನುಗ್ಗಿದಾಗ ನಾನು ಹಲ್ಲಿನ ಚೂರನ್ನು ನೋಡುತ್ತ ಕೂತಿದ್ದೆ. ಮೈಕಿನ ಕೆಂಪು ದೀಪ ಎಂದಿನಂತೆ ಉರಿಯುತ್ತಿತ್ತು.

"ಬಾಯಿ ತೆಗೀರಿ" ಎಂದರು ಡಾಕ್ಟರಮ್ಮ.

"ಊಂ ಊಂ."

"ತೆಗೀರಿ ಅಂದೆ!"

ತೆಗೆದೆ. ಆಮೇಲೆ ನಿಲ್ದಾಣಕ್ಕೆ ನಿಲ್ದಾಣವೇ ಕೇಳಿದ್ದು ಇದು.

"ಅಯ್ಯೋ ದೇವ್ರೇ, ನಾಲಿಗೆಗೆ ಚುಚ್ಚಿಸ್ಕೊಂಡಿದೀರಲ್ರೀ! ಎಷ್ಟು ವಯಸ್ಸು ನಿಮಗೆ?"

"ನಲ್ಲತ್ತೇಲು."

"ಏನ್ರೀ! ಹಾಗಾದ್ರೆ ಮುಷ್ಕರ ಅಲ್ವೇನ್ರೀ?" ಇದು ಮ್ಯಾನೇಜರ ದನಿ. "ನನ್ನ ಫ್ಯಾನು!"

"ಸುಮ್ನಿರಿ ನೀವು. ಗದ್ದದ ಕೆಳಗೆ ಕಲ್ಲಿನ ಹಾಗಿದೆ, ಜ್ವರ ಇದೆ. ಉಸಿರಾಡೋಕೆ ಕಷ್ಟ ಆಗ್ತಿದೆಯಾ?"

"ನಿನ್ನೆಯಿಂದ."

"ಯಾರಿಗೂ ಹೇಳಿಲ್ವಾ? ನಾಲಿಗೆ ಇನ್ನೂ ಊದಿದ್ರೆ ಉಸಿರೇ ನಿಂತೋಗುತ್ತೆ, ಗೊತ್ತಾ? ಈ ವಯಸ್ಸಲ್ಲಿ ಯಾಕ್ರೀ ಬೇಕಿತ್ತು ಇದು?"

ಸುಳ್ಳು ಹೇಳಲು ನಾಲಿಗೆ ಹೊರಳಬೇಕಲ್ಲ. ಬಂದದ್ದು ಬಂತು.

"ಮಗಲು ಆಕಿಸ್ಕೋಬಾಲದು ಅಂತ."

ಕೆಳಗೆ ನಾಲ್ಕನೇ ಪ್ಲಾಟ್‌ಫಾರಂನಲ್ಲಿ ಹದಿನೇಳನೇ ನಂಬರಿನ ಬಸ್ಸು ಹೊರಡಲು ಸಿದ್ಧವಾಗಿತ್ತು. ಆ ಅಂಗಡಿಗೆ ಹೋಗುವುದು ಅದೇ ಬಸ್ಸು. ಕಿಟಕಿಯ ಪಕ್ಕ ನನ್ನ ಮಗಳು ತನ್ನ ಫ್ರೆಂಡಿನ ಜೊತೆ ಕೂತಿದ್ದಳು. ಅವಳು ಬಸ್ಸಿನಿಂದ ಹೇಗೆ ಇಳಿದಳು, ಮೆಟ್ಟಿಲು ಹೇಗೆ ಹತ್ತಿದಳು ನನಗೆ ಗೊತ್ತಿಲ್ಲ. ಗೂಡಿನ ಬಾಗಿಲಲ್ಲಿ ನಿಂತು "ಅಪ್ಪಾ" ಎಂದಳು. ಅಷ್ಟೇ. ಬಂದು ನನ್ನ ಕೈ ಹಿಡಿದುಕೊಂಡಳು. ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ಹಾಗೆ ಹಿಡಿಯುತ್ತಿದ್ದಳು.

ಆಂಬುಲೆನ್ಸಿಗೆ ಫೋನು ಮಾಡಿದರೆ ಅರ್ಧ ಗಂಟೆ ಎಂದರು. ಡಾಕ್ಟರಮ್ಮ ಕಾಯುವ ಹೆಂಗಸಲ್ಲ. ಹದಿನೇಳನೇ ನಂಬರಿನ ಬಸ್ಸು ದೊಡ್ಡಾಸ್ಪತ್ರೆಯ ಮುಂದೆಯೇ ಹೋಗುತ್ತದೆ. ಡ್ರೈವರು ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡು ಇಂಜಿನ್ ಆಫ್ ಮಾಡದೆ ಕಾದಿದ್ದ. ಮುಂದಿನ ಸೀಟಿನವರು ಎದ್ದು ಜಾಗ ಕೊಟ್ಟರು. ಬಸ್ಸು ಒಂದು ಸ್ಟಾಪಿನಲ್ಲೂ ನಿಲ್ಲಲಿಲ್ಲ. ಇಳಿಯಬೇಕಾಗಿದ್ದ ಮೂವತ್ತು ಜನರಲ್ಲಿ ಒಬ್ಬರೂ ಗೊಣಗಲಿಲ್ಲ. ಒಬ್ಬ ಮುದುಕರು, "ಉಸಿರು ಎಳ್ಕೋ ಮಗಾ, ಬಂತು ಆಸ್ಪತ್ರೆ, ಬಂತು" ಎಂದು ದಾರಿಯುದ್ದಕ್ಕೂ ನನ್ನ ಬೆನ್ನು ಸವರಿದರು. ಅವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಕೈ ನೆನಪಾದರೆ ಈಗಲೂ ಕಣ್ಣು ತುಂಬುತ್ತದೆ.

ಕಡ್ಡಿ ತೆಗೆದರು, ಕೀವು ತೆಗೆದರು, ಐದು ದಿನ ನರಕ್ಕೆ ಔಷಧಿ ಹನಿಸಿದರು. ಒಂದು ದಿನ ತಡವಾಗಿದ್ದರೆ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಾಡಿಸಬೇಕಾಗುತ್ತಿತ್ತು, ಅದೂ ಅದೃಷ್ಟವಿದ್ದರೆ, ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು. ಮುರಿದ ಹಲ್ಲನ್ನು ಆ ಡಾಕ್ಟರಮ್ಮನೇ ತುಂಬಿಕೊಟ್ಟರು. ನಾನು ಕೈ ಮುಗಿದರೆ, "ನಾನೇ ನಿಮಗೆ ಥ್ಯಾಂಕ್ಸ್ ಹೇಳ್ಬೇಕು. ಆವತ್ತು ನೀವು ಹೋದ ಮೇಲೆ ಶಿಬಿರದಲ್ಲಿ ಜನ ಕ್ಯೂ ನಿಂತ್ರು. ತುಟಿಗೆ, ನಾಲಿಗೆಗೆ ಹಾಕಿಸ್ಕೊಂಡೋರು ಒಂಬತ್ತು ಜನ ಬಂದು ಬಾಯಿ ತೆಗೆದ್ರು" ಎಂದರು. ನನ್ನ ಹೆಂಡತಿ ಐದು ದಿನವೂ ಹಾಸಿಗೆಯ ಪಕ್ಕ ಕೂತು, ಚಮಚದಲ್ಲಿ ಹಾಲು ಕುಡಿಸುತ್ತ, ಪ್ರತಿ ಚಮಚಕ್ಕೊಂದು ಬೈಗುಳ ಬೈದಳು. ಅಷ್ಟು ಸಿಹಿಯಾದ ಹಾಲು ನಾನು ಕುಡಿದಿರಲಿಲ್ಲ.

ನನಗೆ ಯಾರ ಮೇಲೂ ಕೋಪವಿರಲಿಲ್ಲ ಎಂಬುದು ಖಚಿತವಾದದ್ದೇ ಭಾವಮೈದ ಆಸ್ಪತ್ರೆಗೇ ಬಂದು, "ಹಾಗಿದ್ರೆ ಭಾವ, ಏಣಿ ತಗೊಂಡ್ಹೋಗ್ಲಾ?" ಎಂದು ಕೇಳಿದ. ಹೆಡ್ಮಾಸ್ಟರ ಸ್ಕೂಟರು ನಮ್ಮ ಗೇಟಿಗೆ ಮರಳಿತು. ಫ್ಯಾನನ್ನು ಮಾತ್ರ ಮ್ಯಾನೇಜರು ಬಿಚ್ಚಿಸಲಿಲ್ಲ. "ಇರಲಿ ಬಿಡ್ರೀ" ಎಂದರು. ನನಗದು ಮರೆಯುವುದಿಲ್ಲ.

ಹದಿನೈದು ದಿನದ ಮೇಲೆ ಡ್ಯೂಟಿಗೆ ಹೋದೆ. ಮೊದಲು ಡಾಕ್ಟರಮ್ಮನ ಆ ಹಾಳೆಯನ್ನೇ ಕೇಳಿ ತರಿಸಿಕೊಂಡು, ಅರ್ಧಕ್ಕೆ ನಿಂತದ್ದನ್ನು ಕೊನೆಯ ತನಕ ಓದಿದೆ. ಒಂದೊಂದು ಮಾತೂ ಅರ್ಥವಾಗುವಂತೆ ನಿಧಾನವಾಗಿ ಓದಿದೆ. ಮುಗಿಸುವ ಹೊತ್ತಿಗೆ ಮಗಳು ಊಟದ ಡಬ್ಬಿ ಹಿಡಿದು ಬಂದಳು. ಹೊಸ ಕುರ್ಚಿಯ ಕೈಯ ಮೇಲೆ ಕೂತಳು.

"ಅಪ್ಪಾ, ಬೇಡ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ."

"ಹೇಳಿದ್ರೆ ಕೇಳ್ತಿದ್ದೆಯಾ?"

ಅವಳು ಡಬ್ಬಿಯ ಮುಚ್ಚಳ ತೆಗೆದಳು. "ಇಲ್ಲ. ಜಗಳ ಆಡ್ತಿದ್ದೆ. ನಾಲ್ಕು ದಿನ ಮಾತು ಬಿಡ್ತಿದ್ದೆ."

"ಅದಕ್ಕೇ ಹೆದರಿದ್ದೆ ಕಣೇ."

"ಬಿಟ್ರೆ ಬಿಡ್ತಿದ್ದೆ ಅಪ್ಪಾ. ಐದನೇ ದಿನ ಮಾತಾಡ್ತಿದ್ದೆ. ಇನ್ಮೇಲೆ ಬೇಡ ಅನ್ನೋದನ್ನ ಬೇಡ ಅಂತ್ಲೇ ಹೇಳು. ನೀನು ಸ್ನೇಹಿತ ಆಗ್ಬೇಡ. ನಂಗೆ ಸ್ನೇಹಿತರು ಬೇಕಾದಷ್ಟಿದಾರೆ." ಅವಳು ಡಬ್ಬಿಯನ್ನು ನನ್ನ ಮುಂದಕ್ಕೆ ಸರಿಸಿದಳು. "ಅಪ್ಪ ಒಬ್ನೇ ಇರೋದು."

ಏನಾದರೂ ಹೇಳಬೇಕೆಂದು ಅತ್ತಿತ್ತ ನೋಡಿದೆ. ಕೆಂಪು ದೀಪ ಉರಿಯುತ್ತಿತ್ತು. ಗಾಜಿನಾಚೆ ಬಗ್ಗಿ ನೋಡಿದರೆ ಐದೂ ಪ್ಲಾಟ್‌ಫಾರಂಗಳಲ್ಲಿ ಜನ ಮೇಲೆ ಮುಖ ಮಾಡಿ ನಿಂತಿದ್ದರು. ಹದಿನೇಳನೇ ನಂಬರಿನ ಡ್ರೈವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಮೆಟ್ಟಿಲ ಕೆಳಗೆ ಮ್ಯಾನೇಜರು ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ನಿಂತೇಬಿಟ್ಟಿದ್ದರು.

ನಾನು ಆಫ್ ಮಾಡಲು ಕೈ ಚಾಚಿದೆ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡೆ.

"ಪ್ರಯಾಣಿಕರ ಗಮನಕ್ಕೆ" ಎಂದೆ. "ನಿಮಗೆಲ್ಲ ತುಂಬಾ ಥ್ಯಾಂಕ್ಸ್."